ಮೂವತ್ತೊಂದು ವರ್ಷದ ಖಾಲಿ ಪುಸ್ತಕ

ಕಾವಿಲ್‌ತುರುತ್ತು, ಕುಟ್ಟನಾಡು
೧೯ ಸೆಪ್ಟೆಂಬರ್ ೧೯೮೮

ಪ್ರೀತಿಯ ವಲ್ಯಮ್ಮ,

ಮದುವೆಯಾಗಿ ಇವತ್ತಿಗೆ ಹದಿನಾರು ದಿನ. ಈ ಹದಿನಾರು ದಿನದಲ್ಲಿ ನಾನು ಯಾರ ಮುಂದೂ ಒಂದೇ ಒಂದು ದೂರು ಹೇಳಿಲ್ಲ. ಮಂಟಪದಿಂದ ಇಳಿಯುವಾಗ ನೀವು ನನ್ನ ಕಿವಿಯಲ್ಲಿ ಹೇಳಿದಿರಲ್ಲ, "ಒಂದು ವರ್ಷ ಆ ಮನೇಲಿ ಯಾವುದಕ್ಕೂ ದೂರು ಹೇಳ್ಬೇಡ ಮೋಳೇ, ತಡೆಯೋಕಾಗ್ದೇ ಇದ್ರೆ ನನಗೆ ಬರಿ" ಅಂತ. ತಡೆಯಲಾಗುತ್ತಿಲ್ಲ. ನೀವು ನಮ್ಮಮ್ಮನಿಗೆ ಅಕ್ಕನಾದರೂ ನನಗೆ ಅಮ್ಮನಿಗಿಂತ ಒಂದು ಕೈ ಹೆಚ್ಚು, ಆದ್ದರಿಂದ ಅನುಭವಿಸಿ.

ಮೊದಲು ಸಂತೋಷದ ವಿಷಯ. ಇಲ್ಲಿ ಎಲ್ಲವೂ ನೀರಿನ ಮೇಲೆ. ಹಾಲು ದೋಣಿಯಲ್ಲಿ, ಟಪಾಲು ದೋಣಿಯಲ್ಲಿ. ಮೊನ್ನೆ ಒಂದು ಹಸು ದೋಣಿಯಲ್ಲಿ ನಿಂತು ಮೆಲುಕು ಹಾಕುತ್ತಾ ನಮ್ಮ ಮನೆ ಮುಂದೆ ಹಾದುಹೋಯಿತು. ನಾನು ಅದಕ್ಕೆ ಕೈಬೀಸಿದೆ. ನಿಮ್ಮ ಅಳಿಯ ಉದಯೇಟ್ಟ ನಕ್ಕು ನಕ್ಕು ಕುರ್ಚಿಯಿಂದ ಬಿದ್ದರು. ಅವರ ಬಗ್ಗೆ ಬರೆಯಲು ಹೊರಟರೆ ಈ ಕಾಗದ ಸಾಲದು. ಪಟ್ಟಣದ ಹೈಸ್ಕೂಲಿನಲ್ಲಿ ಗಂಭೀರವಾಗಿ ಫಿಸಿಕ್ಸ್ ಹೇಳಿಕೊಡುವ ಮನುಷ್ಯ ಮನೆಗೆ ಬಂದು ನನ್ನ ಜಡೆಯ ಉದ್ದವನ್ನು ಸ್ಕೇಲಿನಲ್ಲಿ ಅಳೆಯುತ್ತಾರೆ ಅಂದರೆ ನಂಬುತ್ತೀರಾ? ತೊಂಬತ್ತೊಂದು ಸೆಂಟಿಮೀಟರ್.

ಅಚ್ಛನ್, ಅಂದರೆ ನನ್ನ ಮಾವ, ಈ ಕಡೆಯ ಸರ್ಕಾರಿ ಬೋಟಿನ ಸ್ರಾಂಕ್. ಬೋಟಿನ ಚುಕ್ಕಾಣಿ ಹಿಡಿಯುವವರಿಗೆ ಇಲ್ಲಿ ಹಾಗನ್ನುತ್ತಾರೆ. ಬೋಟು ರಾತ್ರಿ ನಮ್ಮ ಮನೆ ಮುಂದಿನ ದೋಣಿಗಟ್ಟೆಯಲ್ಲೇ, ಅಂದರೆ ಕಡವಿನಲ್ಲೇ, ತಂಗುತ್ತದೆ, ಬೆಳಿಗ್ಗೆ ಆರೂ ನಲವತ್ತಕ್ಕೆ ಪಟ್ಟಣಕ್ಕೆ ಹೊರಡುತ್ತದೆ, ನಡುವೆ ಒಂಬತ್ತು ಕಡವು. ದಿವಾಕರನ್ ಸ್ರಾಂಕ್ ಅಂದರೆ ಇಲ್ಲಿ ಸಿನಿಮಾ ನಟನಿಗಿಂತ ಹೆಚ್ಚು. ಬೋಟು ಹತ್ತಿರ ಬರುತ್ತಿದ್ದ ಹಾಗೆ ಪ್ರತಿ ಕಡವಿನಲ್ಲೂ ಜನ ಎದ್ದು ನಿಂತು ಕೂಗುತ್ತಾರೆ. "ದಿವಾಕರೇಟ್ಟೋ, ಇತ್ತ, ಇತ್ತ, ಪನಯಕ್ಕಡವು." ಒಂದು ಕಡೆ ಹೆಂಗಸರು ತಟ್ಟೆ ಬಡಿಯುತ್ತಾರೆ. ಇಷ್ಟು ಪ್ರೀತಿ ಮಾಡುವ ಜನರನ್ನು ನಾನೆಲ್ಲೂ ನೋಡಿಲ್ಲ. ನಮ್ಮ ಕಾನ್ವೆಂಟಿನ ಬಸ್ ಡ್ರೈವರ್ ಸತ್ತಿದ್ದು ನಮಗೆ ಹದಿನೈದು ದಿನ ಆದಮೇಲೆ ಗೊತ್ತಾಗಿತ್ತು.

ಈಗ ದೂರುಗಳು. ಅಮ್ಮ, ನನ್ನ ಅತ್ತೆ ಪಂಕಜಾಕ್ಷಿ, ಮೀನುಸಾರಿಗೆ ಉಪ್ಪೇ ಹಾಕುವುದಿಲ್ಲ ಅನ್ನುವಷ್ಟು ಕಡಿಮೆ ಹಾಕುತ್ತಾರೆ. ಅವರು ಬೆನ್ನು ತಿರುಗಿಸಿದಾಗ ನಾನು ಒಂದು ಚಿಟಿಕೆ ಸೇರಿಸಿಬಿಡುತ್ತೇನೆ, ಇದನ್ನು ಯಾರಿಗೂ ಹೇಳಬೇಡಿ. ಎರಡನೆಯದು, ಅಮ್ಮನಿಗೆ ಒಗೆಯುವ ಹುಚ್ಚು. ಒಂದೇ ಬಿಳಿ ಮುಂಡು ಪಂಚೆಯನ್ನು ದಿನಾ ಸಂಜೆ ಕಡವಿನ ಕಂಬಕ್ಕೆ ಒಣಹಾಕುತ್ತಾರೆ. ಅದು ಒಣಗಿಯೇ ಇರುತ್ತದೆ, ನಾನು ಮುಟ್ಟಿ ನೋಡಿದ್ದೇನೆ. "ಅಮ್ಮ, ಒಣಗಿದೆ, ಮಡಚಿಡ್ಲಾ?" ಅಂದರೆ "ಅದು ಅಲ್ಲೇ ಇರ್ಲಿ" ಅನ್ನುತ್ತಾರೆ. ಮೂರನೆಯದು ಉದಯೇಟ್ಟನ ಗೊರಕೆ. ಅದು ದೂರೋ ಅಲ್ಲವೋ ನಾನಿನ್ನೂ ತೀರ್ಮಾನಿಸಿಲ್ಲ.

ನಿಮ್ಮ ಮಂಡಿನೋವು ಹೇಗಿದೆ?

ನಿಮ್ಮ,
ಮೃದುಲ


ರೈಲ್ವೆ ಕಾಲೋನಿ, ಪಾಲಕ್ಕಾಡ್
೧ ಅಕ್ಟೋಬರ್ ೧೯೮೮

ಮೃದುಲಾ,

ಕಾಗದ ಬಂತು. ನಿನ್ನ ಮಲಯಾಳಂ ಅಕ್ಷರ ಕಾಗೆಯ ಕಾಲಿನ ಹಾಗಿದೆ. ಇಂಗ್ಲಿಷ್ ಶಾಲೆಗೆ ಹಾಕಿದ್ದಕ್ಕೆ ನಿನ್ನ ಅಪ್ಪನನ್ನು ಅನ್ನಬೇಕು. ಎರಡು ಸಲ ಓದಿದ ಮೇಲೆ ಹಸು ದೋಣಿಯಲ್ಲಿತ್ತು, ನೀನಲ್ಲ ಎಂದು ತಿಳಿಯಿತು.

ಉಪ್ಪಿನ ವಿಷಯಕ್ಕೆ ಬಾಯಿ ಬಿಡಬೇಡ, ಕಳ್ಳತನದಿಂದ ಹಾಕುವುದನ್ನೂ ಬಿಡು. ಗೊರಕೆಗೆ ಮದ್ದಿಲ್ಲ. ನಿನ್ನ ವಲ್ಯಚ್ಛನ್ ತೀರಿಕೊಂಡು ನಾಲ್ಕು ವರ್ಷವಾಯಿತು, ಇವತ್ತಿಗೂ ಗೊರಕೆ ಇಲ್ಲದೆ ನನಗೆ ಸರಿಯಾಗಿ ನಿದ್ದೆ ಹತ್ತುವುದಿಲ್ಲ.

ಒಂದು ಮಾತು ಕೇಳಬೇಕೆನಿಸಿತು. ನಿನ್ನ ವಲ್ಯಚ್ಛನ್ ಇಪ್ಪತ್ತಾರು ವರ್ಷ ರೈಲು ಎಂಜಿನ್ ಓಡಿಸಿದವರು. ಎಂಜಿನ್ ಕೂಗುತ್ತಿತ್ತು, ಸ್ಟೇಷನ್ನಿನ ಜನ ಸರಿದು ನಿಲ್ಲುತ್ತಿದ್ದರು. ಜನರೇ ಎಂಜಿನ್ನನ್ನು ಕೂಗಿ ಕರೆದದ್ದು ನಾನು ಕಂಡಿಲ್ಲ. ನಿಮ್ಮ ಕಡೆ ಹಿಂದಿನಿಂದಲೂ ಹೀಗೇ ಏನು, ಅಥವಾ ಇತ್ತೀಚಿನದೋ?

ಮಂಡಿ ಚೆನ್ನಾಗಿದೆ.

ನಿನ್ನ ವಲ್ಯಮ್ಮ


ಕಾವಿಲ್‌ತುರುತ್ತು
೬ ನವೆಂಬರ್ ೧೯೮೮

ಪ್ರೀತಿಯ ವಲ್ಯಮ್ಮ,

ತಡವಾಯಿತು, ಬೈಯಬೇಡಿ, ಯಾಕೆಂದರೆ ನಾನೀಗ ಟೀಚರ್. ಏಳನೇ ಕಡವಿನಲ್ಲಿ ಒಂದು ಪುಟ್ಟ ಇಂಗ್ಲಿಷ್ ನರ್ಸರಿ ಇದೆ. ದಿನಾ ಬೆಳಿಗ್ಗೆ ಹನ್ನೊಂದು ಮಕ್ಕಳನ್ನು ದಾರಿಯ ಕಡವುಗಳಲ್ಲಿ ಹತ್ತಿಸಿಕೊಂಡು ಅಚ್ಛನ್ ಬೋಟಿನಲ್ಲಿ ಹೋಗುತ್ತೇನೆ. ಅದರಲ್ಲಿ ಸೋಫಿ ಅಂತ ಒಂದು ಮಗು ನನ್ನ ಸೆರಗನ್ನು ಹಿಡಿದರೆ ಬಿಡುವುದೇ ಇಲ್ಲ. ಉದಯೇಟ್ಟ ಎದುರು ಬೆಂಚಿನಲ್ಲಿ ಪರೀಕ್ಷೆಯ ಪೇಪರ್ ತಿದ್ದುತ್ತಾ ನನ್ನನ್ನೇ ನೋಡುತ್ತಿರುತ್ತಾರೆ. ಮೊನ್ನೆ ಯಾರಿಗೋ ನೂರಕ್ಕೆ ನೂರಾ ಆರು ಕೊಟ್ಟಿದ್ದರಂತೆ.

ಅಚ್ಛನ್‌ಗೆ ನಾನೆಂದರೆ ತುಂಬಾ ಇಷ್ಟ. ಹೇಗೆ ಗೊತ್ತು ಅಂದರೆ, ಸಂಜೆ ಪೇಪರು ನನ್ನ ಕೈಲೇ ಓದಿಸುತ್ತಾರೆ. "ನಿನ್ನ ಗಂಟಲು ರೇಡಿಯೋದವಳ ಥರ ಇದೆ ಮೋಳೇ, ಮರಣದ ಸುದ್ದಿನೂ ಕೇಳೋಕೆ ಹಿತವಾಗಿರುತ್ತೆ" ಅನ್ನುತ್ತಾರೆ. ನಾನು ಕರಿಮೀನಿನ ಬೆಲೆಯಿಂದ ಹಿಡಿದು ಮದುವೆಯ ಜಾಹೀರಾತಿನ ತನಕ ಓದುತ್ತೇನೆ.

ಮೊನ್ನೆ ಅವರು ಬೋಟಿನ ದೂರು ಪುಸ್ತಕ ತೋರಿಸಿದರು. ಟಿಕೆಟ್ ಕೊಡುವ ಪುಷ್ಕರನ್ ಅವರ ಸೀಟಿನ ಪಕ್ಕ ದಾರದಲ್ಲಿ ನೇತಾಡುತ್ತದೆ. ಮೂವತ್ತೊಂದು ವರ್ಷದಿಂದ ಅಚ್ಛನ್ ಇರುವ ಬೋಟಿನಲ್ಲಿ ಯಾರೂ ಅದರಲ್ಲಿ ಒಂದಕ್ಷರ ಬರೆದಿಲ್ಲವಂತೆ. ನಾವು ರ‍್ಯಾಂಕ್ ಬಂದ ಅಂಕಪಟ್ಟಿ ತೋರಿಸುತ್ತೇವಲ್ಲ, ಹಾಗೆ ಹಾಳೆ ಹಾಳೆ ತಿರುವಿ ತೋರಿಸಿದರು. "ನೋಡು, ಬಿಳಿ. ಇದೂ ಬಿಳಿ." ಮಾರ್ಚ್ ಮೂವತ್ತೊಂದಕ್ಕೆ ಅವರ ನಿವೃತ್ತಿ. ದೂರಿಲ್ಲದ ಸ್ರಾಂಕ್‌ನ ಕೊನೆಯ ಪ್ರಯಾಣಕ್ಕೆ ಬೋಟಿಗೆ ಎಳೆಯ ತೆಂಗಿನ ಗರಿ ಕಟ್ಟುವುದು ಇಲ್ಲಿಯ ಪದ್ಧತಿ. ಈ ಜಲದಾರಿಯಲ್ಲಿ ಗರಿ ಕಟ್ಟಿ ಹದಿನೈದು ವರ್ಷ ಆಗಿದೆಯಂತೆ. ಅಚ್ಛನ್ ಈಗಿನಿಂದಲೇ ಯಾವ ತೆಂಗಿನಮರದ ಗರಿ ಅಂತ ನೋಡಿಟ್ಟಿದ್ದಾರೆ.

ಕೂಗುವುದು ಯಾವಾಗಿನಿಂದ ಅಂತ ಕೇಳಿದ್ದಿರಿ. ಪುಷ್ಕರನ್ ಚೇಟ್ಟನ್ ಹೇಳಿದರು, ಹೋದ ವರ್ಷದ ಓಣಂ ಆದಮೇಲಿನಿಂದ. ನಿವೃತ್ತಿ ಹತ್ತಿರ ಬಂತಲ್ಲ, ಜನರಿಗೆ ಪ್ರೀತಿ ಜಾಸ್ತಿಯಾಗಿರಬೇಕು.

ದೂರು ಒಂದೇ ಒಂದು, ಅದೂ ನಗು ಬರುವಂಥದ್ದು. ಅಚ್ಛನ್ ತಾವೇ ಚಹಾ ಬಗ್ಗಿಸಿಕೊಳ್ಳುವಾಗ ಲೋಟದೊಳಗೆ ತೋರುಬೆರಳು ಇಳಿಬಿಡುತ್ತಾರೆ. ಚಹಾ ಬೆರಳಿಗೆ ತಾಗಿದ ಮೇಲೆ ನಿಲ್ಲಿಸುತ್ತಾರೆ. ನನ್ನ ಲೋಟಕ್ಕೂ ಹಾಗೇ ಮಾಡುತ್ತಾರೆ. ನಾನು ಕಣ್ಣುಮುಚ್ಚಿ ಕುಡಿದುಬಿಡುತ್ತೇನೆ. ಒಂದು ವರ್ಷದ ಮಾತು ಕೊಟ್ಟಿದ್ದೇನಲ್ಲ.

ನಿಮ್ಮ,
ಮೃದುಲ (ಟೀಚರ್)


ಪಾಲಕ್ಕಾಡ್
೧೪ ನವೆಂಬರ್ ೧೯೮೮

ಮೃದುಲಾ,

ನೀನು ಬರೆದ ನಾಲ್ಕು ವಿಷಯಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಎರಡು ದಿನ ಕೂತೆ. ಲೋಟದಲ್ಲಿ ಬೆರಳು. ನಿನ್ನ ಕೈಲಿ ಓದಿಸುವ ಪೇಪರು. ಒಣಗಿದ ಬಿಳಿ ಮುಂಡು. ಒಂದು ವರ್ಷದಿಂದ ಶುರುವಾದ ಕೂಗು.

ನಾನು ಏನೂ ಹೇಳುವುದಿಲ್ಲ. ಒಂದು ಕೆಲಸ ಮಾತ್ರ ಮಾಡು. ಯಾರೂ ನಿಂತಿರದ, ಯಾರೂ ಕೂಗದ ಕಡವಿಗೆ ಬೋಟು ಹೇಗೆ ಬಂದು ನಿಲ್ಲುತ್ತದೆ ಎಂದು ನೋಡಿ ಬರೆ. ಮಕ್ಕಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಬೇಡ.

ವಲ್ಯಮ್ಮ


ಕಾವಿಲ್‌ತುರುತ್ತು
೧೧ ಡಿಸೆಂಬರ್ ೧೯೮೮

ವಲ್ಯಮ್ಮ,

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಮೂರು ಸಲ ಉತ್ತರ ಬರೆದು ಹರಿದೆ. ಒಂದರಲ್ಲಿ ಬಾತುಕೋಳಿಗಳ ಬಗ್ಗೆ ನಾಲ್ಕು ಪುಟ ಬರೆದಿದ್ದೆ.

ನೋಡಿದೆ. ನವೆಂಬರ್ ಇಪ್ಪತ್ತೆಂಟು, ಮಾಪ್ಪಿಳತ್ತೋಡು ಕಡವಿನಲ್ಲಿ ಮಳೆ ಅಂತ ಯಾರೂ ಇರಲಿಲ್ಲ. ಇಳಿಯುವವರು ಇಬ್ಬರಿದ್ದರು. ಹಗ್ಗ ಎಸೆಯುವ ಲಸ್ಕರ್ ಪೊನ್ನಪ್ಪನ್ ಎಷ್ಟೋ ಮೊದಲೇ ಗಳ ಹಿಡಿದು ಮುಂದೆ ಬಂದು ನಿಂತ, ಮೆಲ್ಲಗೆ "ಬಲಕ್ಕೆ, ಇನ್ನೂ ಬಲಕ್ಕೆ, ಸಾಕು" ಅನ್ನುತ್ತಿದ್ದ. ಆದರೂ ಬೋಟು ಕಂಬಕ್ಕೆ ಬಡಿಯಿತು. ಒಬ್ಬ ಹೆಂಗಸಿನ ಬುಟ್ಟಿಯಲ್ಲಿದ್ದ ಬಾತುಕೋಳಿ ಮೊಟ್ಟೆ ಅಷ್ಟೂ ಒಡೆದುಹೋಯಿತು. ಅವಳು ನಕ್ಕಳು. ಎಲ್ಲರೂ ನಕ್ಕರು. "ದಿವಾಕರೇಟ್ಟ ಇವತ್ತು ಆಮ್ಲೆಟ್ ಕೇಳ್ತಿದ್ದಾರೆ" ಅಂದ ಒಬ್ಬ. ನಾನೊಬ್ಬಳೇ ನಗಲಿಲ್ಲ. ಆಗ ಎಲ್ಲರೂ ನನ್ನ ಕಡೆ ನೋಡಿದರು. ಆ ನೋಟ ನನಗೆ ಅರ್ಥವಾಯಿತು. ಅವರಿಗೆಲ್ಲ ಗೊತ್ತಿದೆ. ಒಂಬತ್ತು ಕಡವಿನ ಜನಕ್ಕೂ ಗೊತ್ತಿದೆ. ಗೊತ್ತಿಲ್ಲದವಳು ನಾನೊಬ್ಬಳೇ ಆಗಿದ್ದೆ.

ಉದಯೇಟ್ಟನನ್ನು ಕೇಳಿದೆ. "ಇನ್ನು ಮೂರೂವರೆ ತಿಂಗಳು ಅಷ್ಟೇ ಮೃದು" ಅಂದರು. ಅಮ್ಮನನ್ನು ಕೇಳಿದೆ. ಅವರು ಮರಗೆಣಸು ಸುಲಿಯುತ್ತಿದ್ದರು, ತಲೆ ಎತ್ತಲಿಲ್ಲ. "ನೀನು ಬಂದು ಮೂರು ತಿಂಗಳಾಯ್ತು. ಅವರು ಈ ನೀರಿಗೆ ಬಂದು ಮೂವತ್ತೊಂದು ವರ್ಷ. ನೀರೇ ಅವರಿಗೆ ದಾರಿ ಹೇಳುತ್ತೆ." ಆಮೇಲೆ ಎದ್ದು ಹೋಗಿ ಆ ಮುಂಡನ್ನು ದೂರದ ಬೋಟಿಗೂ ಕಾಣುವ ಹಾಗೆ ಇನ್ನೂ ಸ್ವಲ್ಪ ಎತ್ತರಕ್ಕೆ ಕಟ್ಟಿದರು.

ಅಚ್ಛನ್‌ನನ್ನು ಕೇಳಲಿಲ್ಲ. ಸಂಜೆ ಪೇಪರ್ ಓದಿದೆ. ಆಸ್ಪತ್ರೆಯವರ ಉಚಿತ ಕಣ್ಣು ಪರೀಕ್ಷೆಯ ಜಾಹೀರಾತು ಇತ್ತು. ಅದನ್ನು ಬಿಟ್ಟು ಓದಿದೆ. ಯಾಕೆ ಬಿಟ್ಟೆ ಅಂತ ನನಗೇ ಗೊತ್ತಿಲ್ಲ.

ನೀವೇ ಅಲ್ಲವಾ ದೂರು ಹೇಳಬೇಡ ಅಂದಿದ್ದು? ನಾನು ಹೇಳುವುದಿಲ್ಲ. ಹೊಸದಾಗಿ ಬಂದ ಮನೆಗೆ ನಾನೇ ಕಲ್ಲು ಎಸೆಯಲಾರೆ. ಗರಿ ಕಟ್ಟುವ ದಿನ ಅವರ ಮುಖ ನೋಡಬೇಕು ಅಂತ ನನಗೂ ಆಸೆಯಿದೆ. ಸಿಟ್ಟು ಮಾಡಿಕೊಳ್ಳಬೇಡಿ, ನೀವು ಆ ಕಾಗದ ಬರೆಯದೇ ಇದ್ದಿದ್ದರೆ ಅಂತ ಅನ್ನಿಸುತ್ತದೆ. ಆ ಕೂಗು ನನಗೆ ಎಷ್ಟು ಇಷ್ಟವಾಗಿತ್ತು.

ಮೃದುಲ


ಪಾಲಕ್ಕಾಡ್
೨೦ ಡಿಸೆಂಬರ್ ೧೯೮೮

ಮೋಳೇ,

ನಿನಗೆ ಸಿಟ್ಟು ಬಂದದ್ದು ಒಳ್ಳೆಯದಾಯಿತು. ಸಿಟ್ಟಿನ ಕಾಗದದಲ್ಲಿ ನಿನ್ನ ಅಕ್ಷರ ದುಂಡಗಿರುತ್ತದೆ.

ಯಾರಿಗೂ ಹೇಳದ ಒಂದು ವಿಷಯ ಬರೆಯುತ್ತೇನೆ, ನಿನ್ನ ಅಮ್ಮನಿಗೂ ಗೊತ್ತಿಲ್ಲ. ನಿನ್ನ ವಲ್ಯಚ್ಛನ್ ಎಂಜಿನ್ ಬಿಟ್ಟು ಸ್ಟೋರ್ಸಿಗೆ ಬಂದದ್ದು ಬೆನ್ನುನೋವಿಗೆ ಎಂದು ನೀವೆಲ್ಲ ನಂಬಿದ್ದೀರಿ. ಅವರಿಗೆ ಮಬ್ಬು ಬೆಳಕಿನಲ್ಲಿ ಸಿಗ್ನಲ್ ಕಾಣುತ್ತಿರಲಿಲ್ಲ. ಮನೆಯಲ್ಲಿ ಮುಸ್ಸಂಜೆ ಹೊತ್ತು ನೀರಿನ ಲೋಟವನ್ನು ತಡಕುತ್ತಿದ್ದರು, ಅದರಿಂದ ನನಗೆ ತಿಳಿಯಿತು. ಎಂಜಿನ್ನಿನಲ್ಲಿ ಜೊತೆಗಿರುತ್ತಿದ್ದ ಫೈರ್‌ಮನ್ ಸಿಗ್ನಲ್ಲಿನ ಬಣ್ಣ ಕೂಗಿ ಹೇಳುತ್ತಿದ್ದ. ಅವನಿಗೂ ಅವರ ಮೇಲೆ ಬಹಳ ಪ್ರೀತಿ. ಪರೀಕ್ಷೆಯ ದಿನ ಅಕ್ಷರದ ಹಲಗೆಯನ್ನು ಬಾಯಿಪಾಠ ಮಾಡಿಸಿ ಕಳಿಸಿದವನೂ ಅವನೇ. ಎಲ್ಲರಿಗೂ ಪ್ರೀತಿ. ರೈಲಿನಲ್ಲಿ ಮಲಗಿಕೊಂಡು ಹೋಗುತ್ತಿದ್ದ ಎಂಟುನೂರು ಜನರಿಗೆ ಮಾತ್ರ ಈ ಪ್ರೀತಿಯ ವಿಷಯ ಗೊತ್ತಿರಲಿಲ್ಲ.

ನಾನು ಆಫೀಸಿಗೆ ಕಾಗದ ಬರೆದೆ. ಹೆಸರು ಹಾಕಿಯೇ ಬರೆದೆ. ಅವರನ್ನು ಎಂಜಿನ್ನಿನಿಂದ ಇಳಿಸಿದರು. ಹನ್ನೊಂದು ತಿಂಗಳು ಅವರು ನನ್ನ ಜೊತೆ ಮಾತಾಡಲಿಲ್ಲ. ಬಡಿಸಿದ್ದನ್ನು ಉಣ್ಣುತ್ತಿದ್ದರು, ಅಷ್ಟೇ. ಹನ್ನೆರಡನೇ ತಿಂಗಳು ಒಂದು ಬೆಳಿಗ್ಗೆ "ಕೊಡೆ ಎಲ್ಲಿ?" ಎಂದರು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಕ್ಷಮಿಸಿದರೋ ಇಲ್ಲವೋ, ನಾನು ಕೇಳಲಿಲ್ಲ.

ಕಾಗದ ಬರೆದದ್ದಕ್ಕೆ ನನಗೆ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ. ಅವರ ಬೆನ್ನ ಹಿಂದೆ ಬರೆದೆನಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ಮೊದಲು ಅವರ ಎದುರು ಕೂತು ಹೇಳುವ ಧೈರ್ಯ ನನಗಿರಲಿಲ್ಲ. ಅಧಿಕಾರಿಯ ಬಾಯಿಂದ ಅವರು ಕೇಳಿದರು.

ಮಂಟಪದಲ್ಲಿ ನಾನು ಹೇಳಿದ್ದು ಉಪ್ಪಿನ ವಿಷಯಕ್ಕೆ, ಗೊರಕೆಯ ವಿಷಯಕ್ಕೆ. ನಿನಗಷ್ಟೇ ತಾಗುವುದನ್ನು ನುಂಗು, ಅದರಿಂದ ಯಾರೂ ಸಾಯುವುದಿಲ್ಲ. ನೀನು ಸುಮ್ಮನಿದ್ದದ್ದಕ್ಕೆ ಸೋಫಿ ದಂಡ ಕೊಡಬೇಕಾದರೆ ಅದು ತಾಳ್ಮೆಯಲ್ಲ. ನಾನು ಅಂದು ಇಷ್ಟು ಬಿಡಿಸಿ ಹೇಳಬೇಕಿತ್ತು. ನಾದಸ್ವರದ ಗದ್ದಲದಲ್ಲಿ ಆಗಲಿಲ್ಲ.

ಮಾಡು ಎಂದು ನಾನು ಹೇಳುತ್ತಿಲ್ಲ. ಮಾಡುವುದಾದರೆ ಅವರ ಎದುರಿಗೇ ಮಾಡು.

ವಲ್ಯಮ್ಮ


ಕಾವಿಲ್‌ತುರುತ್ತು
೧೨ ಜನವರಿ ೧೯೮೯

ವಲ್ಯಮ್ಮ,

ನಿಮ್ಮ ಕಾಗದವನ್ನು ಹದಿನೈದು ದಿನ ಪುಸ್ತಕದೊಳಗೆ ಇಟ್ಟುಕೊಂಡು ಓಡಾಡಿದೆ. ಎದುರಿಗೆ ಹೇಳಬೇಕು ಅಂತ ದಿನಾ ಸಂಜೆ ಅಚ್ಛನ್ ಪಕ್ಕ ಕೂರುತ್ತಿದ್ದೆ, ಕರಿಮೀನಿನ ಬೆಲೆ ಓದಿ ಎದ್ದು ಬರುತ್ತಿದ್ದೆ. ಧೈರ್ಯಕ್ಕೆ ಮುಹೂರ್ತ ನೋಡುತ್ತಾ ಕೂತರೆ ಏನಾಗುತ್ತದೆ ಅಂತ ಮೊನ್ನೆ ಸೋಮವಾರ ಗೊತ್ತಾಯಿತು.

ಅವತ್ತು ಮಂಜು. ಇಲ್ಲಿಯ ಜನವರಿಯ ಮಂಜು ನೀರಿನಿಂದಲೇ ಏಳುತ್ತದೆ, ಎದುರಿನ ಬೆಂಚೂ ಕಾಣುವುದಿಲ್ಲ. ನಾಲ್ಕನೇ ಕಡವು ದಾಟಿದ ಮೇಲೆ ಮುಂದೆ ಏನೋ ತಟ್ಟಿದ ಸದ್ದು ಬಂತು. ಹಾಲು ಹಾಕುವ ಕುಂಞೇಲಿಯ ಚಿಕ್ಕ ದೋಣಿ. ದೋಣಿ ಮಗುಚಿತು, ಅವಳು ನೀರಿಗೆ ಬಿದ್ದಳು. ಅಚ್ಛನ್ ಗಂಟೆಯ ಹಗ್ಗ ಎಳೆದು ಎಂಜಿನ್ ನಿಲ್ಲಿಸಿ, ಏನಾಯಿತು ಅಂತ ಕಾಣದೆ ಎರಡೂ ಕೈ ಮುಂದೆ ಚಾಚಿ ನಿಂತಿದ್ದರು. ನನ್ನ ಕಣ್ಣಿಂದ ಅದು ಹೋಗುತ್ತಿಲ್ಲ. ಮಕ್ಕಳು ಕಿರುಚುತ್ತಿದ್ದವು. ಪೊನ್ನಪ್ಪನ್ ಹಾರಿ ಅವಳನ್ನು ಎಳೆದು ಬೋಟಿಗೆ ಹಾಕಿದ. ಹಣೆ ಒಡೆದಿತ್ತು. ಮೈಯೆಲ್ಲ ಅಂತರಗಂಗೆಯ ಬೇರು. ಉಸಿರು ಬಂದ ಕೂಡಲೇ ಅವಳು ಆಡಿದ ಮೊದಲ ಮಾತು ಏನು ಗೊತ್ತಾ?

"ದಿವಾಕರೇಟ್ಟ, ಬೇಜಾರು ಮಾಡ್ಕೋಬೇಡಿ. ನಾನು ಕೂಗ್ಲಿಲ್ಲ. ನಂದೇ ತಪ್ಪು."

ವಲ್ಯಮ್ಮ, ಬಿದ್ದವಳು ಕ್ಷಮೆ ಕೇಳಿದಳು. ಬೋಟಿನ ತುಂಬ ಜನ ತಲೆಯಾಡಿಸಿದರು. ಪಾಪ, ಕೂಗಬೇಕಿತ್ತು ಅಂತ.

ನಾನು ಎದ್ದು ಪುಷ್ಕರನ್ ಚೇಟ್ಟನ್ ಹತ್ತಿರ ಹೋದೆ. "ಆ ಪುಸ್ತಕ ಕೊಡಿ."

"ಯಾವ ಪುಸ್ತಕ?"

"ದಾರದಲ್ಲಿ ಇದೆಯಲ್ಲ."

"ಟೀಚರೇ, ತಮಾಷೆ ಮಾಡೋ ಹೊತ್ತಾ ಇದು? ಮನೆ ಸೊಸೆ ನೀವು."

"ಮನೆ ಸೊಸೆಗೆ ಟಿಕೆಟ್ ಕೊಡ್ತೀರಲ್ಲ ದಿನಾ. ಪ್ರಯಾಣಿಕಳು ಕೇಳ್ತಿದ್ದೀನಿ, ಕೊಡಿ."

ನನ್ನ ಕಾಗೆಕಾಲಿನ ಅಕ್ಷರದಲ್ಲಿ ಬರೆದೆ. ಎಂಟು ಸಾಲು. ಸ್ರಾಂಕ್ ದಿವಾಕರನ್ ಅವರಿಗೆ ಕಣ್ಣು ಕಾಣುತ್ತಿಲ್ಲ, ಎರಡು ಕಡವುಗಳಲ್ಲಿ ಕಂಬ ಅವರಿಗೆ ಗೋಚರಿಸುವುದಿಲ್ಲ, ಇಂದು ಒಬ್ಬ ಹೆಂಗಸಿಗೆ ಗಾಯವಾಗಿದೆ, ಬೋಟಿನಲ್ಲಿ ಮಕ್ಕಳಿದ್ದಾರೆ, ಕೂಡಲೇ ಕಣ್ಣು ಪರೀಕ್ಷೆ ಮಾಡಿಸಬೇಕು, ಅಲ್ಲಿಯವರೆಗೆ ಬೇರೆ ಸ್ರಾಂಕ್ ಬೇಕು. ಕೊನೆಗೆ ಹೆಸರು. ಉದಯೇಟ್ಟ ಎದ್ದು ಬಂದರು. ಪುಸ್ತಕ ಕಿತ್ತುಕೊಳ್ಳುತ್ತಾರೆ ಅಂದುಕೊಂಡೆ. ಅವರು ಓದಿ, ನನ್ನ ಪೆನ್ನು ತೆಗೆದುಕೊಂಡು ನನ್ನ ಹೆಸರಿನ ಕೆಳಗೆ ತಮ್ಮ ಹೆಸರು ಬರೆದರು. ಪೆನ್ನು ಮುಚ್ಚಿ ನನ್ನ ಕೈಗೆ ಕೊಟ್ಟರು.

ದೂರು ಬಂದರೆ ಆಫೀಸಿಗೆ ಹೋಗುವ ಮೊದಲು ಅದರ ಕೆಳಗೆ ಸ್ರಾಂಕ್ ಸಹಿ ಮಾಡಬೇಕು, ಅದು ನಿಯಮ. ಸಂಜೆ ಅಚ್ಛನ್ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದರು. ಬೋಟನ್ನು ಪೊನ್ನಪ್ಪನ್ ತಂದು ಕಟ್ಟಿದನಂತೆ. ಜಗಲಿಯಲ್ಲಿ ಪೇಪರ್ ಓದಿಸುವ ಜಾಗದಲ್ಲೇ ಕೂತು, ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟರು.

"ಓದು."

ಓದಿದೆ. ರೇಡಿಯೋದವಳ ಗಂಟಲು ಅವತ್ತು ಇರಲಿಲ್ಲ. ಅಮ್ಮ ಬಾಗಿಲ ಹಿಂದೆ ನಿಂತಿದ್ದು ಅವರ ಬಳೆಯಿಂದ ಗೊತ್ತಾಗುತ್ತಿತ್ತು. ಮುಗಿದ ಮೇಲೆ ಅಚ್ಛನ್ ಕೇಳಿದರು, "ಎರಡು ಕಡವು ಅಂತ ಬರೆದ್ಯಾ?"

"ಹೂಂ."

"ಐದು. ತಿದ್ದು."

ತಿದ್ದಿದೆ.

"ಎದುರಿಗೆ ಯಾಕೆ ಹೇಳ್ಲಿಲ್ಲ ನನಗೆ?"

"ದಿನಾ ಹೇಳ್ಬೇಕು ಅಂತಾನೇ ಪಕ್ಕ ಕೂರ್ತಿದ್ದೆ ಅಚ್ಛಾ. ಬಾಯಿ ಬರ್ಲಿಲ್ಲ."

"ಹೂಂ. ನನಗೂ ಬರ್ಲಿಲ್ಲ." ಪುಸ್ತಕದ ಮೇಲೆ ಕೈಯಾಡಿಸಿ, "ಮೂವತ್ತೊಂದು ವರ್ಷಕ್ಕೆ ಒಂದು ದೂರು ಬಂದಿದೆ. ಅಕ್ಷರವಾದ್ರೂ ಚೆನ್ನಾಗಿದೆಯಾ?"

"ಇಲ್ಲ ಅಚ್ಛಾ. ಕಾಗೆ ಕಾಲು."

ಅವರು ನಕ್ಕರೋ ಏನೋ, ಮುಖ ತಿರುಗಿಸಿಕೊಂಡಿದ್ದರು. ಆಮೇಲೆ ಬೆರಳು ಚಾಚಿದರು. ನಾನು ಅದನ್ನು ಹಿಡಿದು ಸಹಿಯ ಜಾಗದ ಮೇಲೆ ಇಟ್ಟೆ.

ಅಮ್ಮ ಅವತ್ತಿನಿಂದ ನನ್ನ ಜೊತೆ ಮಾತಾಡುತ್ತಿಲ್ಲ. ಊರೂ ಮಾತಾಡುತ್ತಿಲ್ಲ. ನರ್ಸರಿಗೆ ಹೋಗುವಾಗ ನನ್ನ ಬೆಂಚು ಪೂರ್ತಿ ಖಾಲಿ, ಸೋಫಿ ಒಬ್ಬಳು ಬಿಟ್ಟರೆ. ಅವಳ ಅಮ್ಮ "ಇಲ್ಲಿ ಬಾ" ಅಂತ ಎರಡು ಸಲ ಕರೆದಳು. ಸೋಫಿ ಸೆರಗು ಬಿಡಲಿಲ್ಲ.

ನಾನು ಸರಿ ಮಾಡಿದೆನಾ? ದಯವಿಟ್ಟು ಬೇಗ ಬರೆಯಿರಿ.

ಮೃದುಲ


ಪಾಲಕ್ಕಾಡ್
೨೧ ಜನವರಿ ೧೯೮೯

ಮೋಳೇ,

ಸರಿ ಮಾಡಿದ್ದೀಯ. ನಾನು ಮಾಡದೇ ಬಿಟ್ಟ ಭಾಗವನ್ನೂ ಮಾಡಿದ್ದೀಯ. ಓದು ಎಂದಾಗ ಓದಿದೆಯಲ್ಲ, ಅದು.

ಪಂಕಜಾಕ್ಷಿಯ ಮೌನಕ್ಕೆ ಹೆದರಬೇಡ. ನಿನ್ನ ಮೇಲಿನ ಸಿಟ್ಟು ಅದರಲ್ಲಿ ಅರ್ಧ ಮಾತ್ರ. ಉಳಿದರ್ಧ ತನ್ನ ಮೇಲಿನದೇ, ಅದನ್ನು ಅವಳು ಆ ಮುಂಡಿನ ಜೊತೆ ಕಂಬಕ್ಕೆ ಕಟ್ಟಿದ್ದಾಳೆ. ಬಾಗಿಲ ಹಿಂದೆ ನಿಂತಿದ್ದಳು ಎಂದೆಯಲ್ಲ, ಓದುವುದನ್ನು ತಡೆಯಲಿಲ್ಲ. ಅದನ್ನು ನೆನಪಿಡು. ದಿನಾ ಅವಳ ಪಕ್ಕ ಕೂತು ತರಕಾರಿ ಹೆಚ್ಚು. ಮಾತಾಡಿಸಬೇಡ.

ಇಷ್ಟೆಲ್ಲ ಉಪದೇಶ ಮಾಡಿ ನಾನೇ ಸುಳ್ಳು ಹೇಳಬಾರದು. ನನಗೂ ಒಂದು ದೂರಿದೆ. ನನ್ನ ಮಂಡಿ ಚೆನ್ನಾಗಿಲ್ಲ. ಎರಡು ವರ್ಷದಿಂದ ಚೆನ್ನಾಗಿಲ್ಲ. ಮೊನ್ನೆ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತಿದ್ದೆ, ಪಕ್ಕದ ಮನೆಯವಳು ಕೇಳಿದರೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದೇನೆ ಎಂದೆ. ಈ ಕಾಗದ ಪೋಸ್ಟ್ ಮಾಡಿ ಡಾಕ್ಟರ ಹತ್ತಿರ ಹೋಗುತ್ತೇನೆ. ನೀನು ಬರೆದೆ, ನನಗೆ ನಾಚಿಕೆಯಾಯಿತು.

ವಲ್ಯಮ್ಮ


ಕಾವಿಲ್‌ತುರುತ್ತು
೨ ಏಪ್ರಿಲ್ ೧೯೮೯

ನನ್ನ ಪ್ರೀತಿಯ, ಪ್ರೀತಿಯ ವಲ್ಯಮ್ಮ,

ಮೊದಲು ಹೇಳಿ, ಡಾಕ್ಟರು ಕೊಟ್ಟ ಎಣ್ಣೆ ದಿನಾ ಹಚ್ಚುತ್ತಿದ್ದೀರಾ? ಬೇಸಿಗೆ ರಜೆಗೆ ನಾನು ಬಂದು ಪರೀಕ್ಷೆ ಮಾಡುತ್ತೇನೆ. ಉದಯೇಟ್ಟ ಸ್ಕೇಲ್ ತರುತ್ತಾರೆ.

ಅಚ್ಛನ್‌ನ ಎಡಗಣ್ಣಿನ ಪೊರೆ ತೆಗೆದದ್ದು ಫೆಬ್ರುವರಿಯಲ್ಲೇ ಬರೆದಿದ್ದೆ. ಬಲಗಣ್ಣಿನ ವಿಷಯ ಬರೆದಿರಲಿಲ್ಲ, ಬರೆಯಲು ಆಗಲಿಲ್ಲ. ಅದು ಪೊರೆಯಲ್ಲ. ಒಳಗೆ ಒತ್ತಡ ಹೆಚ್ಚಾಗಿ ನರ ಒಣಗಿಹೋಗಿದೆಯಂತೆ. ಡಾಕ್ಟರು, "ಒಂದು ವರ್ಷ ಮೊದಲು ಬಂದಿದ್ರೆ ಇದನ್ನೂ ಉಳಿಸಬಹುದಿತ್ತು, ಯಾರೂ ಗಮನಿಸ್ಲಿಲ್ವಾ ಮನೇಲಿ?" ಅಂದರು. ಅಮ್ಮ ಪಕ್ಕದಲ್ಲೇ ನಿಂತಿದ್ದರು. ಗಮನಿಸಲಿಲ್ಲವಾ. ವಲ್ಯಮ್ಮ, ಅಷ್ಟು ಗಮನಿಸಿದ ಹೆಂಡತಿ ಕುಟ್ಟನಾಡಿನಲ್ಲಿ ಇನ್ನೊಬ್ಬಳಿಲ್ಲ. ಆಸ್ಪತ್ರೆಯಿಂದ ಬಂದ ದಿನ ಅಮ್ಮ ನೇರ ಕಡವಿಗೆ ಹೋಗಿ ಮುಂಡನ್ನು ಬಿಚ್ಚಿದರು. ಅಲ್ಲೇ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಅದನ್ನು ಮಡಚುತ್ತಿದ್ದರು. ನಾನು ದೂರದಲ್ಲಿ ನಿಂತಿದ್ದೆ, ಹತ್ತಿರ ಹೋಗಲಿಲ್ಲ.

ಎರಡು ತಿಂಗಳು ಅಚ್ಛನ್‌ಗೆ ಪಟ್ಟಣದ ಬೋಟ್ ಆಫೀಸಿನಲ್ಲಿ ಬೋಟು ಹೊರಡುವ ಸಮಯ ಕೂಗುವ ಕೆಲಸ ಕೊಟ್ಟಿದ್ದರು. ಮೊನ್ನೆ ಮೂವತ್ತೊಂದಕ್ಕೆ ನಿವೃತ್ತಿ. ಇಲಾಖೆಯವರು ಗರಿ ಕಟ್ಟಲಿಲ್ಲ, ಪುಸ್ತಕದಲ್ಲಿ ದೂರಿದೆಯಲ್ಲ. ಸಂಜೆಯ ಬೋಟಿನಲ್ಲಿ ಅಚ್ಛನ್ ಹೊಸ ಕನ್ನಡಕ ಹಾಕಿಕೊಂಡು, ಮಡಿಲಲ್ಲಿ ಆಫೀಸಿನವರು ಕೊಟ್ಟ ಛತ್ರಿ ಇಟ್ಟುಕೊಂಡು, ಪ್ರಯಾಣಿಕರ ಜೊತೆ ಕೂತರು. ಹೊಸ ಸ್ರಾಂಕ್ ಮೂವತ್ತು ವರ್ಷದವನು, ಕಣ್ಣು ಗಿಡುಗನ ಹಾಗಿದೆ.

ಮೊದಲ ಕಡವು ಬಂತು. ಜನ ಎದ್ದು ನಿಂತರು. "ದಿವಾಕರೇಟ್ಟೋ, ಇತ್ತ, ಇತ್ತ, ಪನಯಕ್ಕಡವು." ಹೊಸ ಸ್ರಾಂಕ್ ತಬ್ಬಿಬ್ಬಾದ. ಎರಡನೇ ಕಡವಿನಲ್ಲೂ ಹಾಗೇ. ತಟ್ಟೆ ಬಡಿಯುವ ಹೆಂಗಸರೂ ಬಂದಿದ್ದರು. ಅಚ್ಛನ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಾಕ್ರೋ ಬಡ್ಕೊಳ್ತೀರ, ಕಾಣ್ಸತ್ತೆ ನನಗೆ. ಗೋವಿಂದಾ, ನಿನ್ನ ತಲೆ ಯಾವಾಗ ಬೋಳಾಯ್ತೋ?" ಅಂದರು. ನಾಲ್ಕನೇ ಕಡವಿನಲ್ಲಿ ಕುಂಞೇಲಿ ದೋಣಿಯಲ್ಲಿ ಕಾದಿದ್ದಳು, ಹಣೆಯ ಮೇಲೆ ಗಾಯದ ಗುರುತು. ದೋಣಿಯ ತುದಿಗೆ ಎಳೆಯ ತೆಂಗಿನ ಗರಿ ಕಟ್ಟಿದ್ದಳು. ಉದ್ದಕ್ಕೂ ನಮ್ಮ ಪಕ್ಕದಲ್ಲೇ ಹುಟ್ಟು ಹಾಕಿಕೊಂಡು ಬಂದಳು, ಕೂಗುತ್ತಾ. ಗರಿ ಕಟ್ಟಬಾರದು ಅಂದಿದ್ದು ಇಲಾಖೆಯ ಬೋಟಿಗೆ ತಾನೇ, ಅವಳ ದೋಣಿಗಲ್ಲವಲ್ಲ. ನನ್ನ ಕಡೆ ನೋಡಿ ನಗಲಿಲ್ಲ, ಆದರೆ ನಾವು ಇಳಿಯುವಾಗ "ಟೀಚರೇ, ನಾಳೆಯಿಂದ ಹಾಲು ಬೇಕಾ?"  ಅಂತ ಕೇಳಿದಳು.

ಮನೆಗೆ ಬಂದೆವು. ಅಚ್ಛನ್ ಕಡವಿನ ಕಂಬ ನೋಡಿ ನಿಂತರು. "ಪಂಕೀ, ಇಲ್ಲಿ ಏನೋ ಬೆಳ್ಳಗೆ ಇರ್ತಿತ್ತಲ್ಲ?" ಅಮ್ಮ ಒಳಗೆ ಹೋಗಿ, ಮಡಚಿಟ್ಟ ಆ ಮುಂಡನ್ನು ತಂದು ಅವರಿಗೆ ಉಡಲು ಕೊಟ್ಟರು. ಬಿಸಿಲಿಗೆ ನೂಲೆಲ್ಲ ಸವೆದು ಜಾಲರಿಯ ಹಾಗಾಗಿತ್ತು. ಅಚ್ಛನ್ ಅದನ್ನೇ ಉಟ್ಟು ಊಟಕ್ಕೆ ಕೂತರು.

ಬಡಿಸಿದ್ದು ನಾನು. ಮೀನುಸಾರು ನಾನೇ ಮಾಡಿದ್ದೆ. ಅಮ್ಮ ಎರಡು ತುತ್ತು ತಿಂದು ಕೈ ನಿಲ್ಲಿಸಿದರು. ಅವರು ನನ್ನ ಜೊತೆ ಮಾತು ಬಿಟ್ಟು ಜನವರಿ ಒಂಬತ್ತರಿಂದ ಎಂಬತ್ತೊಂದು ದಿನ ಆಗಿತ್ತು, ನಾನು ಎಣಿಸಿದ್ದೆ. ತಟ್ಟೆಯನ್ನೇ ನೋಡುತ್ತಾ ಹೇಳಿದರು.

"ಮೃದುಲೇ, ಉಪ್ಪು ಜಾಸ್ತಿ ಹಾಕ್ತೀಯ ನೀನು. ಬಂದ ದಿನದಿಂದಾನೂ ಹೇಳ್ಬೇಕು ಅಂತಿದ್ದೆ. ನಾನು ಬೆನ್ನು ತಿರುಗಿಸಿದಾಗ ಹಾಕೋದು ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಅದಕ್ಕೇ ನಾನು ಅರ್ಧ ಹಾಕಿ ಬಿಡ್ತಿದ್ದೆ."

ಅಚ್ಛನ್ ಸಾರಿನ ತಟ್ಟೆಯ ಮೇಲೆ ಬಗ್ಗಿ ನಗುತ್ತಿದ್ದರು. ಉದಯೇಟ್ಟ ನನಗೆ ನೀರಿನ ಲೋಟ ಕೊಟ್ಟರು, ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಉಪ್ಪಿನ ಲೆಕ್ಕಕ್ಕೆ ಹಾಕಿ.

ನಿಮ್ಮ,
ಮೃದುಲ